ದೀನು, ದೌಲತ್ತು: ಕೊಡಗಿನಲ್ಲಿ ನಾಲ್ಕು ದಿನ

ಬುಧವಾರ

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೇನೆ. ಇಸ್ಲಾಮಿನ ಪಾಠ ಬಂದಾಗಲೆಲ್ಲ ಒಂದು ಸಾಲು ನೋಟ್ಸ್ ಬರೆಸುವುದು ರೂಢಿ: ‘ಇಸ್ಲಾಮಿನಲ್ಲಿ ಧರ್ಮ ಮತ್ತು ರಾಜಕೀಯ ಎರಡೂ ಒಂದೇ.’ ಮಕ್ಕಳು ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ. ನಾನು ಎರಡು ಅಂಕ ಕೊಡುತ್ತೇನೆ. ಈ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಹಾಗಾದ್ರೆ ಸಾರ್, ಸುಲ್ತಾನನೂ ಖಾಜಿನೂ ಒಬ್ನೇನಾ?” ಎಂದಳು. ಸುಲ್ತಾನ ಆಳುವವನು, ಖಾಜಿ ಧರ್ಮದ ಕಾನೂನಿನಂತೆ ನ್ಯಾಯ ಹೇಳುವವನು. ನಾನು ಬೆಲ್ ಹೊಡೆಯುವುದನ್ನೇ ಕಾದೆ.

ಅದೇ ವಾರ ವಿರಾಜಪೇಟೆ ಕಡೆಯ ಗೆಳೆಯ ಫೋನ್ ಮಾಡಿದ. ಮೈಸೂರಿನಲ್ಲಿ ಮೂರು ವರ್ಷ ಒಂದೇ ಹಾಸ್ಟೆಲ್ ರೂಮಿನಲ್ಲಿ ಇದ್ದವರು ನಾವು. “ಕಾಫಿ ಕುಯ್ಲು ಮುಗೀತು ಕಣೋ. ಹೂಮಳೆ ಬರೋದ್ರೊಳಗೆ ಬಾ” ಎಂದ. ಅವನು ಕೊಡವ ಮಾಪಿಳ್ಳೆ. ಅಂದರೆ ಮನೆಹೆಸರು ಕೊಡವ ಒಕ್ಕದ್ದು (ಮನೆತನದ್ದು), ಮನೆಮಾತು ಕೊಡವ ತಕ್ಕ್, ದಿನಕ್ಕೆ ಐದು ಹೊತ್ತು ನಮಾಜು. ಹುಡುಗಿಯ ಪ್ರಶ್ನೆಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ.

ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ. ಪಿರಿಯಾಪಟ್ಟಣ ದಾಟುವಾಗ ನನಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆನಪಾಗುತ್ತಾನೆ. ಟಿಪ್ಪು ಅವನನ್ನು ಇಲ್ಲೇ ಸೆರೆಯಲ್ಲಿಟ್ಟಿದ್ದ. 1788ರಲ್ಲಿ ತಪ್ಪಿಸಿಕೊಂಡು ಹೋಗಿ ಕೊಡಗನ್ನು ಮತ್ತೆ ಹಿಡಿದ. ಈಗ ಅಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಎಲ್ಲರೂ ಸೌತೆಕಾಯಿ ತಿನ್ನುತ್ತಾರೆ.

ಮಡಿಕೇರಿಯಲ್ಲಿ ಲಾಡ್ಜಿನ ಗೀಸರ್ ಕೆಟ್ಟಿತ್ತು. ಬಕೆಟ್ ಬಿಸಿನೀರಿಗೆ ಕಾದು ಕಾದು ಸಾಕಾಗಿ, ಸ್ನಾನ ಬಿಟ್ಟು ಓಂಕಾರೇಶ್ವರ ದೇವಸ್ಥಾನಕ್ಕೆ ನಡೆದೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಲಿಂಗಾಯತ ಅರಸ, ಒಳಗೆ ಶಿವಲಿಂಗ, ಮೇಲೆ ನೋಡಿದರೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಹೊಸದಾಗಿ ಬಂದವರು ದರ್ಗಾ ಅಂದುಕೊಂಡು ಒಂದು ಕ್ಷಣ ನಿಲ್ಲುತ್ತಾರೆ. ಗುಮ್ಮಟ ಆಗಿನ ಕಾಲದಲ್ಲಿ ದೊರೆತನದ ಗುರುತು. ಯಾವ ದೇವರ ದೊರೆ ಅನ್ನುವುದು ಆಮೇಲಿನ ಮಾತು. ಗುಮ್ಮಟದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣವೂ ಇದೆ. ಅರಸರಿಗೆ ಅದು ಬೇಕಾದದ್ದೇ ಬಿಡಿ.

ಗುರುವಾರ

ಬೆಳಿಗ್ಗೆ ಕೋಟೆ. ಮುದ್ದುರಾಜ 1681ರ ಹೊತ್ತಿಗೆ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡು ಮಣ್ಣಿನ ಕೋಟೆ ಕಟ್ಟಿಸಿದ. ಅದನ್ನು ಕಲ್ಲಿನದು ಮಾಡಿದವನು ಟಿಪ್ಪು. ಊರಿಗೆ ಜಾಫರಾಬಾದ್ ಅಂತ ಹೆಸರೂ ಇಟ್ಟ. ಹೆಸರು ಹೋಯಿತು, ಕಲ್ಲು ಉಳಿದಿದೆ. ಒಳಗೆ ಇನ್ನೊಂದು ತಮಾಷೆ. ವೀರಭದ್ರನ ಗುಡಿ ಇದ್ದ ಜಾಗದಲ್ಲಿ ಇಂಗ್ಲಿಷರು 1850ರ ದಶಕದಲ್ಲಿ ಚರ್ಚು ಕಟ್ಟಿದರು. ಅದೀಗ ವಸ್ತು ಸಂಗ್ರಹಾಲಯ. ಇಂಗ್ಲೆಂಡಿನ ದೊರೆ ಇವತ್ತಿಗೂ ಅಲ್ಲಿನ ಚರ್ಚಿನ ಮುಖ್ಯಸ್ಥ. ಅವರ ಮೇಲ್ಮನೆಯಲ್ಲಿ 26 ಬಿಷಪ್ಪರಿಗೆ ಕುರ್ಚಿ ಇದೆ. ‘ಕ್ರೈಸ್ತರಲ್ಲಿ ಧರ್ಮ ರಾಜಕೀಯ ಒಂದೇ’ ಅಂತ ನಾನು ಯಾವತ್ತೂ ನೋಟ್ಸ್ ಬರೆಸಿಲ್ಲ. ಯಾಕೆ ಬರೆಸಿಲ್ಲ ಅಂತ ಕೋಟೆಯ ಕಲ್ಲಾನೆಗಳ ಎದುರು ನಿಂತಾಗ ಮೊದಲ ಸಲ ಯೋಚಿಸಿದೆ.

ಅಲ್ಲಿಂದ ಗದ್ದಿಗೆ. ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು. ಇಲ್ಲೂ ಗುಮ್ಮಟ, ಮಿನಾರು. ಜೊತೆಗೆ ಮೂಲೆಯಲ್ಲಿ ಕೂತ ಬಸವಣ್ಣಗಳು. ಪಕ್ಕದಲ್ಲೇ ಟಿಪ್ಪುವಿನ ಸೈನ್ಯದ ವಿರುದ್ಧ ಹೋರಾಡಿ ಸತ್ತ ಬಿದ್ದಂಡ ಬೋಪು ಅವರ ಸಮಾಧಿ. ಟಿಪ್ಪುವಿನ ಜೊತೆ ಕಾದಾಡಿದವರ ಗೋರಿಗೆ ಬಿಜಾಪುರದ ಕಡೆಯ ಗುಮ್ಮಟ! ಯುದ್ಧ ಯಾರ ಜೊತೆ, ಕಟ್ಟಡದ ಶೈಲಿ ಯಾರದ್ದು, ಎರಡಕ್ಕೂ ಸಂಬಂಧವಿಲ್ಲ ಅನ್ನುವಂತೆ ನಿಂತಿವೆ.

ಟಿಪ್ಪುವಿನ ಮಾತು ಎತ್ತಿದರೆ ಮಡಿಕೇರಿಯಲ್ಲಿ ಜನ ಈಗಲೂ ಒಂಥರಾ ಸುಮ್ಮನಾಗುತ್ತಾರೆ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿದಾಗ ಇಲ್ಲಿ ಗಲಾಟೆಯಾಗಿ ಸಾವೂ ಆಯಿತು. 2019ರಲ್ಲಿ ಬೇರೆ ಸರ್ಕಾರ ಬಂದು ಜಯಂತಿ ನಿಲ್ಲಿಸಿತು. ಲಾಡ್ಜಿನವರನ್ನು ಕೇಳಿದೆ. ಅವರು “ಬಿಸಿನೀರು ಬಂತಾ ಸಾರ್?” ಅಂದರು.

ನನಗೆ ಗೊತ್ತಿರುವಷ್ಟು ಇದು. ಟಿಪ್ಪು ಕೊಡವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಮತಾಂತರ ಮಾಡಿಸಿದ. ಎಷ್ಟು ಜನ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಅದೇ ಟಿಪ್ಪು, 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ದೋಚಿದಾಗ ಮಠಕ್ಕೆ ಹಣ, ಧಾನ್ಯ ಕಳಿಸಿದ. ಅದೇ ಟಿಪ್ಪು, ತನ್ನದೇ ಮತದ ಹೈದರಾಬಾದ್ ನಿಜಾಮನ ಆದೋನಿಯ ಮೇಲೆ ಬಿದ್ದ. ಇವೆಲ್ಲವನ್ನೂ ‘ಇಸ್ಲಾಂ’ ಅನ್ನುವ ಒಂದೇ ಮೊಳೆಗೆ ನೇತುಹಾಕಿದರೆ ಮೊಳೆ ನಿಲ್ಲುವುದಿಲ್ಲ. ಬಗ್ಗದ ಸೀಮೆಯನ್ನು ಬಗ್ಗಿಸಲು ಅವನು ಮತವನ್ನು ಕೋಲಿನ ಹಾಗೆ ಬಳಸಿದ. ಏಟು ತಿಂದವರಿಗೆ ಕೋಲಿನ ಹೆಸರೇನಾದರೇನು, ಅದೂ ನಿಜ.

ಮಧ್ಯಾಹ್ನ ಗೆಳೆಯ ಪಿಕಪ್ ಜೀಪು ತಂದ. ಮೂರ್ನಾಡು ದಾಟಿ ನಾಪೋಕ್ಲು, ಅಲ್ಲಿಂದ ಎಮ್ಮೆಮಾಡು. ಸೂಫಿ ಶಹೀದರ ದರ್ಗಾ. ವರ್ಷಕ್ಕೊಮ್ಮೆ ಉರೂಸ್ ನಡೆಯುವಾಗ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲವಂತೆ. ಆವತ್ತು ಜನ ಕಡಿಮೆ. ಗದ್ದೆಯ ಕಡೆಯಿಂದ ಗಾಳಿ ಬರುತ್ತಿತ್ತು. ಒಬ್ಬ ಹೆಂಗಸು ಕುಂಕುಮ ಇಟ್ಟುಕೊಂಡೇ ಹರಕೆಯ ದುಡ್ಡು ಹಾಕಿ, ಮಗುವಿನ ಹಣೆಯನ್ನು ಹೊಸ್ತಿಲಿಗೆ ಮುಟ್ಟಿಸಿ ಹೋದಳು.

“ಈ ಸೂಫಿಗಳು ನೋಡು, ರಾಜಕೀಯದ ಗೊಡವೆಗೇ ಹೋಗದವರು” ಎಂದೆ. ದಿಲ್ಲಿಯ ನಿಜಾಮುದ್ದೀನ್ ಔಲಿಯಾ ನೆನಪಾಗಿದ್ದರು. ಸುಲ್ತಾನ ನೋಡಲು ಬರುತ್ತಾನೆ ಅಂದಾಗ ‘ನನ್ನ ಮನೆಗೆ ಎರಡು ಬಾಗಿಲು, ಅವನು ಒಂದರಿಂದ ಬಂದರೆ ನಾನು ಇನ್ನೊಂದರಿಂದ ಹೋಗುತ್ತೇನೆ’ ಎಂದರಂತೆ.

ಗೆಳೆಯ ನಕ್ಕ. “ಕಲಬುರಗಿಗೆ ಹೋಗಿದೀಯಲ್ಲ, ಬಂದೇ ನವಾಜರ ಕತೆ ಮರೆತ್ಯಾ?”

ಮರೆತಿದ್ದೆ. ಸಂತ ಬಂದೇ ನವಾಜರನ್ನು ಬಹಮನಿ ಸುಲ್ತಾನ ಫಿರೋಜ್ ಷಾ ಗೌರವದಿಂದ ಬರಮಾಡಿಕೊಂಡ. ಆಮೇಲೆ ಇಬ್ಬರಿಗೂ ಸರಿಬರಲಿಲ್ಲ. ಸಂತರ ಒಲವು ಸುಲ್ತಾನನ ತಮ್ಮ ಅಹ್ಮದನ ಕಡೆಗೆ ತಿರುಗಿತು. 1422ರಲ್ಲಿ ಅಹ್ಮದನೇ ಪಟ್ಟಕ್ಕೆ ಬಂದ. ದರ್ಗಾಗಳಿಗೆ ಇನಾಮು ಬಿಟ್ಟವರು ಯಾರು, ಸುಲ್ತಾನರೇ. ಎರಡನೇ ಬಾಗಿಲು ಎಲ್ಲ ಸಂತರ ಮನೆಯಲ್ಲೂ ಇರಲಿಲ್ಲ.

ಶುಕ್ರವಾರ

ರಾತ್ರಿ ಗೆಳೆಯನ ಮನೆಯಲ್ಲೇ ಮಲಗಿದ್ದೆ. ಬೆಳಿಗ್ಗೆ ಎದ್ದಾಗ ಕಣದಲ್ಲಿ ಚೆರಿ ಕಾಫಿ ಹರಡುವ ಸದ್ದು. ಅವನ ತಂದೆ ಹಲಗೆ ಹಿಡಿದು ತಾವೇ ತಿರುವುತ್ತಿದ್ದರು. ಊರಿನಲ್ಲಿ ಎಲ್ಲರೂ ಅವರನ್ನು ಹಾಜಿಯವರು ಅನ್ನುವುದು. ನಾನೂ ಹಾಗೇ. ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ, ಕಾಲೇಜಿನಲ್ಲಿ ನಾನು ಅವರ ಮನೆಯ ಕಡಂಬುಟ್ಟು ಹದಿನಾರು ತಿಂದದ್ದನ್ನು ಮರೆಯದೆಯೂ ಕೂಡ. ಗೆಳೆಯನ ಉಮ್ಮ ಈ ಸಲವೂ ಎಣಿಸುತ್ತಿದ್ದರು. ಒಂಬತ್ತಕ್ಕೆ ನಿಂತೆ. ವಯಸ್ಸಾಯಿತು.

ನಾನು ಹುಡುಗಿಯ ಪ್ರಶ್ನೆ ಹೇಳಿದೆ. ಹಾಜಿಯವರು ಹಲಗೆ ನಿಲ್ಲಿಸಿದರು.

“ದೀನ್ ಅಂದ್ರೆ ಧರ್ಮ. ದೌಲತ್ ಅಂದ್ರೆ ರಾಜ್ಯ, ಅಧಿಕಾರ. ‘ದೀನ್ ವ ದೌಲ’ ಎರಡೂ ಜೊತೆ ಅಂತ ಅರಬ್ಬಿಯಲ್ಲಿ ಒಂದು ಮಾತು ಓಡಾಡ್ತದೆ. ಆದ್ರೆ ನಿಮ್ಮ ಕನ್ನಡದಲ್ಲಿ ದೌಲತ್ತು ಅಂದ್ರೆ ಏನು ಮೇಷ್ಟ್ರೇ?”

“ದೌಲತ್ತು ತೋರಿಸಬೇಡ ಅಂತೀವಿ. ಸೊಕ್ಕು, ದರ್ಪ.”

“ಹಾಂ. ಕನ್ನಡದವರು ಸರಿಯಾಗೇ ಅರ್ಥ ಮಾಡ್ಕೊಂಡಿದ್ದಾರೆ.”

ಯೋಚಿಸಿದರೆ ನಮ್ಮ ಕಚೇರಿಯ ಅರ್ಧ ಮಾತು ಆ ಕಡೆಯಿಂದಲೇ ಬಂದದ್ದು. ಹುಕುಂ, ಜಮಾಬಂದಿ, ತಹಶೀಲ್ದಾರ, ಫಿರ್ಯಾದಿ, ಜಪ್ತಿ. ಇವುಗಳಲ್ಲಿ ಒಂದಾದರೂ ದೇವರ ಹತ್ತಿರ ಹೋಗುವ ದಾರಿಯದ್ದಲ್ಲ. ಎಲ್ಲ ಕಂದಾಯ, ಕೋರ್ಟು. ನಮಗೆ ಇಸ್ಲಾಮಿನ ರಾಜ್ಯ ಅಂತ ಬಂದದ್ದು ಬಹುಪಾಲು ಪರ್ಷಿಯನ್ ಗುಮಾಸ್ತಗಿರಿ.

ಮನೆತನ ಮುಸ್ಲಿಂ ಆದದ್ದು ಹೇಗೆ ಅಂತಲೂ ಕೇಳಿಬಿಟ್ಟೆ. ಇಷ್ಟು ವರ್ಷ ಕೇಳಿರಲಿಲ್ಲ. “ನಮ್ಮ ಅಜ್ಜ ಹೇಳ್ತಿದ್ದದ್ದು ಟಿಪ್ಪು ಕಾಲ ಅಂತ. ಹಿಡ್ಕೊಂಡು ಹೋದ್ರು. ಯುದ್ಧ ಮುಗಿದ ಮೇಲೆ ವಾಪಸ್ ಬಂದ್ರು. ಬಂದವರ ಕತೆ ಒಂದೊಂದು ಮನೇಲಿ ಒಂದೊಂದು” ಎಂದರು. ಸ್ವಲ್ಪ ಹೊತ್ತು ಕಾಫಿ ತಿರುವಿದರು. “ಆವತ್ತು ಹಿಡ್ಕೊಂಡು ಹೋದದ್ದು ಸುಲ್ತಾನ. ಈವತ್ತು ಬೆಳಗ್ಗೆ ಐದಕ್ಕೆ ಈ ಚಳೀಲಿ ನನ್ನನ್ನ ಎಬ್ಬಿಸಿದ್ದು ಸುಲ್ತಾನ ಅಲ್ವಲ್ಲ.”

ಜುಮಾ ನಮಾಜಿಗೆ ಅವರು ಹೋದರು. ನಾನು ಮಸೀದಿಯ ಹೊರಗೆ ಬೆಂಚಿನ ಮೇಲೆ ಕೂತೆ. ಒಳಗಿಂದ ಖುತ್ಬಾ, ಅಂದರೆ ಶುಕ್ರವಾರದ ಪ್ರವಚನ, ಕೇಳುತ್ತಿತ್ತು. ಹಿಂದೆ ಈ ಖುತ್ಬಾದಲ್ಲಿ ಯಾರ ಹೆಸರು ಓದುತ್ತಾರೋ ಅವನೇ ದೊರೆ. ನಾಣ್ಯದ ಮೇಲೆ ಹೆಸರು, ಖುತ್ಬಾದಲ್ಲಿ ಹೆಸರು, ಎರಡಿದ್ದರೆ ಸಾಕು. ಟಿಪ್ಪು ಮೊಘಲ್ ಬಾದಶಹನ ಹೆಸರು ತೆಗೆದು ತನ್ನದನ್ನೇ ಓದಿಸಿದ. ದಿಲ್ಲಿಯ ಬದಲು ಇಸ್ತಾಂಬುಲ್‌ನ ಖಲೀಫನಿಂದ, ಅಂದರೆ ಪ್ರವಾದಿಯ ಉತ್ತರಾಧಿಕಾರಿ ಅನ್ನಿಸಿಕೊಂಡ ತುರ್ಕಿಯ ಸುಲ್ತಾನನಿಂದ, ಮಾನ್ಯತೆ ತರಲು 1786ರಲ್ಲಿ ಹಡಗು ತುಂಬ ರಾಯಭಾರಿಗಳನ್ನು ಕಳಿಸಿದ. ಅದಾಗಿ ಹನ್ನೆರಡು ವರ್ಷಕ್ಕೆ ಅದೇ ಖಲೀಫನ ಪೀಠದಿಂದ ಇಂಗ್ಲಿಷರ ಮೂಲಕ ಪತ್ರ ಬಂತು: ಫ್ರೆಂಚರು ಈಜಿಪ್ಟಿಗೆ ನುಗ್ಗಿದ್ದಾರೆ, ಅವರ ಸಹವಾಸ ಬಿಡು, ಇಂಗ್ಲಿಷರ ಜೊತೆ ಜಗಳ ಬೇಡ. ಟಿಪ್ಪು ತುಂಬ ವಿನಯದಿಂದ ಉತ್ತರ ಬರೆದ. ಮಾಡಿದ್ದು ಮಾತ್ರ ತನಗೆ ತೋಚಿದ್ದನ್ನೇ. ಖಲೀಫನ ಮಾತು ಧರ್ಮದ ಮಾತಾಗಿದ್ದರೆ ಅವನು ಕೇಳಬೇಕಿತ್ತು. ಅದು ತುರ್ಕರ ರಾಜಕೀಯ ಅಂತ ಅವನಿಗೆ ಗೊತ್ತಿತ್ತು.

ನಮಾಜು ಮುಗಿದ ಮೇಲೆ ಮಸೀದಿ ನೋಡಿಕೊಳ್ಳುವ ಜಮಾತ್ ಕಮಿಟಿಯ ಸಭೆ ಇತ್ತು. ವಿಷಯ: ಕಾಂಪೌಂಡ್ ಗೋಡೆ ಮೊದಲು ಕಟ್ಟಿಸುವುದೋ, ಮಸೀದಿಯ ಗುರು ಉಸ್ತಾದರ ಸಂಬಳ ಜಾಸ್ತಿ ಮಾಡುವುದೋ. ಇರುವ ದುಡ್ಡು ಒಂದಕ್ಕೇ ಸಾಲುತ್ತದೆ. ಅಧ್ಯಕ್ಷರು ಕಾಫಿ ವ್ಯಾಪಾರಿ, ಅವರು ಗೋಡೆಯ ಕಡೆ. ಹಾಜಿಯವರು ಸಂಬಳದ ಕಡೆ. ಉಸ್ತಾದರು ತಮ್ಮ ಕಡೆಯೇ ಇರಬೇಕಲ್ಲ, ಆದರೆ ಆ ಮಾತು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಒಂದು ಗಂಟೆ ಮಾತಾಡಿ ಸಭೆಯನ್ನು ಮರುದಿನಕ್ಕೆ ಮುಂದೂಡಿದರು.

ನನಗೆ ಹುಡುಗಿಗೆ ಕೊಡಬೇಕಾದ ಉತ್ತರ ಇಲ್ಲೇ ಸಿಕ್ಕಿತು ಅನಿಸಿತು. ಫತ್ವಾ ಕೊಡುವುದು ಅಧ್ಯಕ್ಷರಿಗೆ ಆಗದು. ಗಲ್ಲಾಪೆಟ್ಟಿಗೆ ಮುಟ್ಟುವುದು ಉಸ್ತಾದರಿಗೆ ಆಗದು. ಇಬ್ಬರೂ ಒಂದೇ ಮಸೀದಿಯವರು, ಒಂದೇ ಸಾಲಿನಲ್ಲಿ ನಿಂತು ಪ್ರಾರ್ಥಿಸುವವರು.

ಸಂಜೆ ಉಸ್ತಾದರೇ ಮನೆಗೆ ಬಂದರು. ಚಿಕ್ಕ ವಯಸ್ಸು, ಕೇರಳದಲ್ಲಿ ಓದಿದವರು. ಉಮ್ಮ ಸುಲೈಮಾನಿ ಚಹಾ ಕೊಟ್ಟರು. ನನ್ನ ಹೊಸ ಉತ್ತರವನ್ನು ಉತ್ಸಾಹದಿಂದ ಅವರ ಮುಂದಿಟ್ಟೆ. ಅವರಿಗೆ ಪೂರ್ತಿ ಹಿಡಿಸಲಿಲ್ಲ.

“ಇಲ್ಲ ಮಾಷ್, ಅಷ್ಟು ಸುಲಭ ಇಲ್ಲ. ಝಕಾತ್ ಅಂತ ಕಡ್ಡಾಯ ದಾನ ಇದೆ, ಆಸ್ತಿ ಪಾಲು ಇದೆ, ಬಡ್ಡಿ ಬೇಡ ಅಂತ ಇದೆ. ಮನೆ ಮೂಲೇಲಿ ಕೂತು ಮಾಡೋ ಧರ್ಮ ಮಾತ್ರ ಅಲ್ಲ ಇದು. ಪ್ರವಾದಿಯವರು 622ರಲ್ಲಿ ಮದೀನಾಕ್ಕೆ ಹೋದ ಮೇಲೆ ಅಲ್ಲಿನ ಬುಡಕಟ್ಟುಗಳ ಜೊತೆ, ಯಹೂದಿಗಳ ಜೊತೆ ಒಂದು ಒಪ್ಪಂದ ಮಾಡಿದ್ರು. ಅವರ ಧರ್ಮ ಅವರಿಗೆ, ನಮ್ಮದು ನಮಗೆ, ಊರು ಕಾಯೋದು ಒಟ್ಟಿಗೆ ಅಂತ. ಅದು ರಾಜಕೀಯ ಅಲ್ವಾ?”

“ಹೌದು,” ಎಂದರು ಹಾಜಿಯವರು. “ಆದ್ರೆ 632ರಲ್ಲಿ ಅವರು ತೀರಿಕೊಂಡಾಗ ಮುಂದೆ ಯಾರು, ಹೇಗೆ ಅಂತ ಎಲ್ಲಿ ಬರೆದಿತ್ತು?”

“ಕುರ್‌ಆನ್‌ನಲ್ಲಿ ಶೂರಾ ಅಂತ ಇದೆ. ಪರಸ್ಪರ ಸಮಾಲೋಚನೆ.”

“ಯಾರು ಕೂತು, ಎಷ್ಟು ಜನ, ಕೈ ಎತ್ತೋದಾ ಚೀಟಿ ಹಾಕೋದಾ?”

ಉಸ್ತಾದರು ನಕ್ಕರು. ಬೆರಳು ಮಡಚಿ ಎಣಿಸಿದರು. ಅಬೂಬಕ್ಕರ್ ಒಂದು ಸಭೆಯಲ್ಲಿ ಆಯ್ಕೆಯಾದರು. ಉಮರ್ ಅವರನ್ನು ಅಬೂಬಕ್ಕರ್ ಹೆಸರಿಸಿ ಹೋದರು. ಉಸ್ಮಾನ್ ಆರು ಜನರ ಸಮಿತಿಯಿಂದ. ಅಲಿ ದಂಗೆಯ ನಡುವೆ. ಐದನೆಯದಾಗಿ ಮುಆವಿಯಾ ಬಲದಿಂದ ಬಂದು, ಮಗನಿಗೆ ಪಟ್ಟ ಕೊಟ್ಟು ಹೋದ. ಐದು ಜನ, ಐದು ದಾರಿ. ಮೊದಲ ನಾಲ್ವರಲ್ಲಿ ಮೂವರು ಕೊಲೆಯಾದರು. ಶಿಯಾ, ಸುನ್ನಿ ಅಂತ ಒಡಕು ಶುರುವಾದದ್ದೇ ಇಲ್ಲಿ. ದೇವರ ಬಗ್ಗೆ ಅಲ್ಲ, ಕುರ್ಚಿಯ ಬಗ್ಗೆ.

ಆಮೇಲೆ ಉಸ್ತಾದರು ತಮ್ಮ ಇಷ್ಟದ ಕತೆಗೆ ಬಂದರು. ಇಮಾಂ ಅಬೂ ಹನೀಫಾ. ಖಲೀಫ ಮನ್ಸೂರ್ ಇಮಾಮರಿಗೆ ಖಾಜಿಯಾಗು ಎಂದ. ‘ನನಗೆ ಆ ಯೋಗ್ಯತೆ ಇಲ್ಲ’ ಎಂದರು. ‘ಸುಳ್ಳು ಹೇಳ್ತೀಯ’ ಎಂದ ಖಲೀಫ. ‘ಹಾಗಾದರೆ ಸುಳ್ಳುಗಾರ ಖಾಜಿಯಾಗಬಹುದೇ?’ 767ರಲ್ಲಿ ಅವರು ಬಾಗ್ದಾದಿನ ಸೆರೆಮನೆಯಲ್ಲೇ ತೀರಿಕೊಂಡರಂತೆ. ಇವತ್ತು ಭಾರತದ ಬಹುಪಾಲು ಮುಸ್ಲಿಮರು ನಡೆಯುವುದು ಅವರ ಪಂಥದಲ್ಲಿ. ನಮ್ಮ ಹಾಜಿಯವರ ಕಡೆ ಮಾತ್ರ ಮಲಬಾರಿನ ಹಾಗೆ ಶಾಫಿ ಪಂಥ.

833ರಲ್ಲಿ ಖಲೀಫ ಮಾಮೂನ್ ಇನ್ನೂ ಮುಂದೆ ಹೋದ. ಕುರ್‌ಆನ್ ಸೃಷ್ಟಿಯಾದದ್ದು, ಅನಾದಿಯಲ್ಲ ಅಂತ ಎಲ್ಲ ಪಂಡಿತರೂ ಒಪ್ಪಬೇಕು ಅಂತ ಹುಕುಂ. ಅಹ್ಮದ್ ಇಬ್ನ್ ಹಂಬಲ್ ಒಪ್ಪಲಿಲ್ಲ. ಮುಂದಿನ ಖಲೀಫನ ಕಾಲದಲ್ಲಿ ಚಾಟಿ ಏಟು ತಿಂದರು. ಹದಿನೈದು ವರ್ಷದ ಆಸುಪಾಸು ನಡೆದ ಈ ವಿಚಾರಣೆಯನ್ನು ಕೊನೆಗೆ ಖಲೀಫ ಮುತವಕ್ಕಿಲ್ ನಿಲ್ಲಿಸಿದ. ಯಾವುದು ಸರಿಯಾದ ನಂಬಿಕೆ ಅಂತ ಹೇಳುವ ಅಧಿಕಾರ ಅರಮನೆಯ ಕೈ ತಪ್ಪಿತು, ಪಂಡಿತರ ಕೈ ಸೇರಿತು. 945ರ ಹೊತ್ತಿಗಂತೂ ಬಾಗ್ದಾದನ್ನು ಇರಾನಿನ ಬುವೈಹಿ ಮನೆತನದವರು ಹಿಡಿದು, ಖಲೀಫನನ್ನು ಬರೀ ಉತ್ಸವ ಮೂರ್ತಿ ಮಾಡಿ ಕೂರಿಸಿದರು. ನಮ್ಮ ಅಲಾವುದ್ದೀನ್ ಖಿಲ್ಜಿಯದೂ ಇದೇ ಧಾಟಿ. ಶರಿಯತ್ತಿಗೆ ಸರಿಯೋ ತಪ್ಪೋ ಗೊತ್ತಿಲ್ಲ, ರಾಜ್ಯಕ್ಕೆ ಒಳ್ಳೆಯದು ಅನಿಸಿದ್ದನ್ನು ಮಾಡುತ್ತೇನೆ ಅಂತ ಅವನು ಖಾಜಿಯ ಮುಖಕ್ಕೇ ಹೇಳಿದ್ದನ್ನು ಇತಿಹಾಸಕಾರ ಬರನಿ ಬರೆದಿಟ್ಟಿದ್ದಾನೆ.

“ಹಾಗಾದ್ರೆ ಎರಡೂ ಒಂದೇ ಅನ್ನೋ ಮಾತು ಇಷ್ಟು ಜೋರಾದದ್ದು ಯಾವಾಗ?” ಎಂದೆ.

“ಖಲೀಫ ಇಲ್ಲ ಆದ ಮೇಲೆ” ಎಂದರು ಹಾಜಿಯವರು. 1924ರ ಮಾರ್ಚ್ 3ರಂದು ತುರ್ಕಿಯ ಸಂಸತ್ತು ಖಿಲಾಫತ್ತನ್ನು ರದ್ದು ಮಾಡಿತು. ಮರುವರ್ಷ ಈಜಿಪ್ಟಿನಲ್ಲಿ ಅಲಿ ಅಬ್ದುಲ್ ರಾಜಿಕ್ ಎಂಬ ಖಾಜಿ, ಪ್ರವಾದಿ ದೂತರಾಗಿದ್ದರು, ರಾಜರಾಗಿರಲಿಲ್ಲ, ಖಿಲಾಫತ್ ಧರ್ಮದ ಭಾಗವೇ ಅಲ್ಲ ಎಂದು ಬರೆದ. ಅಲ್ ಅಜ್ಹರ್ ವಿದ್ಯಾಪೀಠದ ಪಂಡಿತರು ಅವನನ್ನು ತಮ್ಮ ಸಾಲಿನಿಂದಲೇ ಹೊರಹಾಕಿದರು. 1928ರಲ್ಲಿ ಅದೇ ದೇಶದಲ್ಲಿ ಹಸನ್ ಅಲ್ ಬನ್ನಾ ಮುಸ್ಲಿಂ ಬ್ರದರ್‌ಹುಡ್ ಕಟ್ಟಿದ. 1941ರಲ್ಲಿ ಲಾಹೋರಿನಲ್ಲಿ ಮೌದೂದಿಯ ಜಮಾಅತೆ ಇಸ್ಲಾಮಿ. ಇತ್ತ ದೇವಬಂದಿನ ಹುಸೇನ್ ಅಹ್ಮದ್ ಮದನಿ, ದೇಶ ಬೇರೆ ಮತ ಬೇರೆ, ಹಿಂದೂಗಳ ಜೊತೆ ಸೇರಿ ಒಂದೇ ರಾಷ್ಟ್ರವಾಗಬಹುದು ಎಂದು ವಾದಿಸಿ ವಿಭಜನೆಯನ್ನು ವಿರೋಧಿಸಿದರು. ಗಡ್ಡ, ಟೋಪಿ, ಕಿತಾಬು ಎಲ್ಲ ಇದ್ದ ಮೌಲಾನಾ ಪಾಕಿಸ್ತಾನ ಬೇಡ ಎಂದರು. ಸೂಟು ಹಾಕುತ್ತಿದ್ದ ಜಿನ್ನಾ ಬೇಕು ಎಂದರು. ಇದನ್ನು ಎರಡು ಅಂಕದ ಉತ್ತರದಲ್ಲಿ ಹೇಗೆ ಹಿಡಿಸುವುದು?

ಪಾಕಿಸ್ತಾನದ್ದೇ ಇನ್ನೊಂದು. 1953ರ ಲಾಹೋರ್ ಗಲಭೆಯ ಬಗ್ಗೆ ವಿಚಾರಣೆ ನಡೆಸಿದ ಮುನೀರ್ ಆಯೋಗ ದೊಡ್ಡ ದೊಡ್ಡ ಉಲೇಮಾಗಳನ್ನು (ಧರ್ಮಪಂಡಿತರನ್ನು) ಕರೆದು ‘ಮುಸ್ಲಿಂ ಅಂದರೆ ಯಾರು?’ ಎಂದು ಕೇಳಿತು. ಯಾವ ಇಬ್ಬರ ಉತ್ತರವೂ ಒಂದೇ ಆಗಿರಲಿಲ್ಲ ಅಂತ ವರದಿಯಲ್ಲೇ ಇದೆ. ಉಸ್ತಾದರಿಗೆ ಇದು ಗೊತ್ತಿರಲಿಲ್ಲ. ಜೋರಾಗಿ ನಕ್ಕರು, ಆಮೇಲೆ ಸ್ವಲ್ಪ ಗಂಭೀರರಾದರು.

ಇರಾನಿನ ಮಾತು ಬಂತು. 1979ರಿಂದ ಅಲ್ಲಿ ಪಂಡಿತರೇ ಆಳುವವರು. ಇಷ್ಟು ನೇರವಾಗಿ ಎರಡನ್ನೂ ಒಂದು ಮಾಡಿದ್ದು ಇಸ್ಲಾಮಿನ ಇತಿಹಾಸದಲ್ಲೇ ಹೊಸದು. ಪಕ್ಕದ ಇರಾಕಿನ ನಜಫ್‌ನಲ್ಲಿ ಅದೇ ಶಿಯಾ ಪಂಥದ ಹಿರಿಯ ಪಂಡಿತ ಸಿಸ್ತಾನಿ ಆ ದಾರಿ ಹಿಡಿಯಲಿಲ್ಲ. 1988ರಲ್ಲಿ ಇರಾನಿನ ನಾಯಕ ಖೊಮೇನಿ ಒಂದು ಪತ್ರ ಬರೆದರು. ಇಸ್ಲಾಮಿ ಸರ್ಕಾರವೇ ಮೊದಲ ಕರ್ತವ್ಯ, ಅದರ ಮುಂದೆ ನಮಾಜು, ಉಪವಾಸ, ಹಜ್ ಕೂಡ ನಂತರದ್ದು ಎಂದು.

“ನಮಾಜ್ ನಂತರದ್ದಾ?” ಹಾಜಿಯವರು ಗ್ಲಾಸು ಕೆಳಗಿಟ್ಟರು. “ನೋಡಿ, ಇಬ್ಬರನ್ನೂ ಒಂದೇ ಮನೇಲಿ ಕೂಡಿ ಹಾಕಿದ್ರೆ ದೌಲತ್ತೇ ದೀನನ್ನ ತಿನ್ನೋದು.”

“ಬೇರೆ ಮಾಡಿದ್ರೂ ತಿಂತದೆ ಹಾಜಿಯವರೇ,” ಎಂದರು ಉಸ್ತಾದರು. ಖಿಲಾಫತ್ ರದ್ದಾದ ಅದೇ ದಿನ ತುರ್ಕಿ ಒಂದು ಧಾರ್ಮಿಕ ಇಲಾಖೆಯನ್ನೂ ತೆರೆಯಿತು. ಇವತ್ತಿಗೂ ಅಲ್ಲಿನ ಇಮಾಮರು ಸರ್ಕಾರಿ ನೌಕರರು. ಶುಕ್ರವಾರದ ಖುತ್ಬಾ ಇಲಾಖೆಯಿಂದಲೇ ಬರುತ್ತದೆ.

“ಸರ್ಕಾರಿ ಸಂಬಳ ಆದ್ರೆ ಕಾಂಪೌಂಡ್ ಗೋಡೆಗೆ ಕಾಯೋದು ಬೇಡವಲ್ಲ” ಎಂದ ಗೆಳೆಯ.

ಉಸ್ತಾದರು ಯೋಚಿಸಿದರು. “ಬೇಡ. ಕಮಿಟಿಯವರಾದ್ರೆ ಸಂಬಳ ಮಾತ್ರ ತಡೀತಾರೆ.”

ಶನಿವಾರ

ಬೆಳಿಗ್ಗೆ ಮಂಜು. ಹಾಜಿಯವರು ಒಂದು ಕೆಜಿ ಕಾಫಿಪುಡಿ ಪೊಟ್ಟಣ ಕಟ್ಟಿಸಿ ಕೊಟ್ಟರು. ಗೆಳೆಯ ವಿರಾಜಪೇಟೆ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಸೀಟು ಸಿಕ್ಕಿದ ಮೇಲೆ ನೋಟ್ಸ್ ಪುಸ್ತಕ ತೆಗೆದು ಆ ಹಳೆಯ ಸಾಲನ್ನು ಹೊಡೆದು ಹಾಕಿದೆ. ‘ಎರಡೂ ಬೇರೆ ಬೇರೆ’ ಅಂತ ಬರೆಯೋಣವೆಂದರೆ ಮದೀನಾದ ಒಪ್ಪಂದ ಅಡ್ಡ ಬಂತು. ‘ಕೆಲವು ಕಾಲದಲ್ಲಿ’ ಅಂತ ಶುರು ಮಾಡಿದೆ. ಯಾವ ಕಾಲ ಸಾರ್ ಅಂತ ಕೇಳುತ್ತಾಳೆ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳ ಸಾಲಿನ ಇಂಡೋನೇಷ್ಯಾ 1945ರಲ್ಲಿ ಸಂವಿಧಾನ ಒಪ್ಪುವಾಗ ಶರಿಯತ್ತಿನ ಮಾತನ್ನು ಕೊನೇ ಗಳಿಗೆಯಲ್ಲಿ ಕೈಬಿಟ್ಟಿತು, ಅದನ್ನಾದರೂ ಸೇರಿಸೋಣ ಅಂದುಕೊಂಡೆ. ಅಷ್ಟರಲ್ಲಿ ತಿರುವು ಶುರುವಾಗಿ ಪೆನ್ನು ಪುಸ್ತಕದ ಮೇಲೆಲ್ಲ ಓಡಾಡಿತು. ಮುಚ್ಚಿಟ್ಟೆ.

ಹುಣಸೂರು ಹತ್ತಿರ ಬರುವಾಗ ಹಾಜಿಯವರ ಫೋನ್.

“ಸಭೆ ಮುಗೀತು ಮೇಷ್ಟ್ರೇ. ಗೋಡೆ ಪಾಸಾಯ್ತು.”

“ಸಂಬಳ?”

“ಮುಂದಿನ ವರ್ಷ ನೋಡುವ ಅಂತ.”

“ಉಸ್ತಾದರು ಏನಂದ್ರು?”

“ಏನೂ ಅನ್ನಲಿಲ್ಲ. ಬರೋ ಶುಕ್ರವಾರ ಖುತ್ಬಾ ಕೂಲಿ ಕೊಡೋದ್ರ ಬಗ್ಗೆ ಅಂತೆ. ಕೆಲಸದವನ ಬೆವರು ಆರೋದ್ರೊಳಗೆ ಕೂಲಿ ಕೊಡಿ ಅಂತ ಪ್ರವಾದಿಯವರ ಮಾತಿದೆಯಲ್ಲ, ಅದು. ಅಧ್ಯಕ್ಷರು ಮೊದಲ ಸಾಲಲ್ಲೇ ಕೂರೋದು.”